ಎಲಚಿ ಕೊಂಬೆ ಹಿಡಿದವನು ಮಾತಾಡಬಾರದು

ಮಸಿಂಗಾ
ಆಗಸ್ಟ್ 11, 2013

ತಮ್ಮ ಲಂಗಾ,

ಫೋನಿರುವಾಗ ಅಕ್ಕನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅಂತ ನಗಬೇಡ. ಫೋನಿನಲ್ಲಿ ನೀನು ನನಗೆ ಸಿಗುವುದಿಲ್ಲ. 'ಹಲೋ' ಅಂದ ಕೂಡಲೇ ಆ ರೇಡಿಯೋದವನು ಬಂದು ನಿನ್ನ ನಾಲಿಗೆಯ ಮೇಲೆ ಕೂತುಬಿಡುತ್ತಾನೆ. ಹೋದ ಭಾನುವಾರ ಅವ್ವ ಊಟ ಬಿಟ್ಟಿದ್ದಾಳೆ ಅಂದೆ. ನೀನು ಸೋಪು ಮಾರುವವನ ದನಿಯಲ್ಲಿ "ಓಹೋ ಹಾಗಾ, ಸರಿಹೋಗುತ್ತೆ ಬಿಡಕ್ಕಾ" ಅಂದೆ. ನನಗೆ ಮೈಯೆಲ್ಲ ಉರಿಯಿತು. ಕೈಗೆ ನಾಲಿಗೆಯಷ್ಟು ಚಳಕ ಇರುವುದಿಲ್ಲ, ಆದ್ದರಿಂದ ಬರೆ. ಬರೆದು ನಮ್ಮ ಕಡೆಯ ಟ್ಯಾಕ್ಸಿಯವನ ಕೈಯಲ್ಲಿ ಕೊಡು, ಅವನು ಮಾಜೋಲಾ ಅಂಗಡಿಯಲ್ಲಿ ಬಿಟ್ಟು ಹೋಗುತ್ತಾನೆ.

ವಿಷಯ ಇದು: ಅವ್ವ ಮಲಗುತ್ತಿಲ್ಲ. ಸೆಂಝೋನನ್ನು ಮಣ್ಣು ಮಾಡಿ ಎರಡು ತಿಂಗಳಾಗುತ್ತ ಬಂತು, ಒಂದು ರಾತ್ರಿಯೂ ಅವಳು ನೆಟ್ಟಗೆ ಕಣ್ಣು ಮುಚ್ಚಿಲ್ಲ. ಕೇಳಿದರೆ ಒಂದೇ ಮಾತು: "ಮಣ್ಣು ಮಾಡಿದ್ದು ಮೈನ ಕಣೇ. ಅವನು ಬಂದಿಲ್ಲ. ಬಂದಿದ್ರೆ ನಂಗೆ ಗೊತ್ತಾಗ್ತಿರಲಿಲ್ವಾ?"

ನಿನ್ನಣ್ಣ ಸತ್ತದ್ದು ಮನೆಯಲ್ಲಲ್ಲ, ಅಷ್ಟು ದೂರದ ವಾನ್ ರೀನನ್ ಘಾಟಿಯ ತಿರುವಿನಲ್ಲಿ, ಉರುಳಿಬಿದ್ದ ತನ್ನ ಟ್ಯಾಕ್ಸಿಯೊಳಗೆ. ಜೀವ ಹೋದ ಜಾಗದಿಂದ ಅವನ ಆತ್ಮವನ್ನು ಎಲಚಿ ಕೊಂಬೆಯ ಮೇಲೆ ಕೂರಿಸಿ ಕರೆತಂದವನು ನೀನು. ದೊಡ್ಡಪ್ಪನ ಮಂಡಿ ಊದಿಕೊಂಡಿತ್ತು ಅಂತ ನಿನ್ನನ್ನು ಕಳಿಸಿದ್ದು. ಕೊಂಬೆ ಹಿಡಿದವನು ದಾರಿಯುದ್ದಕ್ಕೂ ಸತ್ತವನ ಜೊತೆ ಮಾತ್ರ ಮಾತಾಡಬೇಕು, ಬೇರೆಯವರ ಜೊತೆ ಒಂದು ಮಾತಾಡಿದರೂ ಸತ್ತವನು ಅಲ್ಲೇ ಇಳಿದುಬಿಡುತ್ತಾನೆ. ಇದನ್ನು ನಿನಗೆ ನಾನು ಹೇಳಿಕೊಡಬೇಕೆ? ನೀನು ಬಂದು ನಿಂತಾಗ ದೊಡ್ಡಪ್ಪ ಗೇಟಿನಲ್ಲೇ ಕೇಳಿದರು, "ದಾರೀಲಿ ಬೇರೆ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ ತಾನೆ?" ನೀನು ಇಲ್ಲವೆಂದು ತಲೆಯಾಡಿಸಿದೆ. ಕೊಂಬೆಯನ್ನು ಗುಂಡುಮನೆಯ ಹಿಂಗೋಡೆಯ ಬುಡದಲ್ಲಿ, ಹಿರಿಯರ ಜಾಗದಲ್ಲಿ, ಇಟ್ಟೆವು.

ಆ ದಿನ ದಾರಿಯಲ್ಲಿ ಏನಾದರೂ ಆಯಿತೆ? ಇದ್ದದ್ದನ್ನು ಬರೆ.

ನಿನ್ನಕ್ಕ,
ನೊಮಾಗುಗು

*

ಡರ್ಬನ್
ಸೆಪ್ಟೆಂಬರ್ 2, 2013

ಪ್ರೀತಿಯ ಅಕ್ಕನಿಗೆ,

ಮಹಾರಾಣಿಯವರ ಅಪ್ಪಣೆಯಂತೆ ಪೆನ್ನು ಹಿಡಿದಿದ್ದೇನೆ! ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಬರೆದದ್ದು ಇದೇ ಮೊದಲು. ತಪ್ಪಿದ್ದರೆ ನಿನ್ನ ಮೂರನೇ ಕ್ಲಾಸಿನ ಮಕ್ಕಳಿಗೆ ತೋರಿಸಿ ನಗಿಸು.

ದಾರಿಯಲ್ಲಿ ಏನೂ ಆಗಲಿಲ್ಲ ಅಕ್ಕ. ಏನಾಗುತ್ತೆ? ಮಂಜು ಇತ್ತು, ಲಾರಿಗಳಿದ್ದವು, ಅಷ್ಟೆ. ಅವ್ವನಿಗೆ ವಯಸ್ಸಾಯಿತು. ಮಗನನ್ನು ಕಳೆದುಕೊಂಡವಳಿಗೆ ನಿದ್ದೆ ಎಲ್ಲಿಂದ ಬರಬೇಕು? ಆಸ್ಪತ್ರೆಗೆ ಕರೆದುಕೊಂಡು ಹೋಗಿ ನಿದ್ದೆ ಮಾತ್ರೆ ಬರೆಸು.

ನಿದ್ದೆಯ ಮಾತು ಬಂತು, ನನ್ನದೂ ಕೇಳು. ಬೆಳಗಿನ ಕಾರ್ಯಕ್ರಮಕ್ಕೆ ಕೋಳಿಗಿಂತ ಮೊದಲು ಏಳಬೇಕು. ಶುಕ್ರವಾರ ಬಂದರೆ ಕಾರು ಹತ್ತಬೇಕು: ಒಂದು ಊರಲ್ಲಿ ಹಾಡು ಹಾಕಿ, ಬೆವರು ಒರೆಸುತ್ತ ಇನ್ನೊಂದು ಊರಿಗೆ ಓಡಬೇಕು. ಸೋಮವಾರ ಮತ್ತೆ ಮೈಕಿನ ಮುಂದೆ ಕೂತು "ಶುಭೋದಯ, ಎದ್ದೇಳಿ, ಕುಣಿಯೋಣ" ಅನ್ನಬೇಕು. ಕುಣಿಯುವವರು ಕುಣಿಯುತ್ತಾರೆ, ನನ್ನ ಕಾಲು ಮೇಜಿನ ಕೆಳಗೆ ಜೋಮು ಹಿಡಿದಿರುತ್ತದೆ.

ಆದರೆ ಒಂದು ಒಳ್ಳೆಯ ಸುದ್ದಿ. ಸೆಂಝೋನ ಮೇಲೆ ಹಾಡು ಮಾಡುತ್ತಿದ್ದೇನೆ. ನನ್ನ ಮೊದಲ ಹಾಡನ್ನು ಅವನು ಟ್ಯಾಕ್ಸಿಯಲ್ಲಿ ಹಾಕಿಕೊಂಡು ತಿರುಗಿದ್ದು ನೆನಪಿದೆಯಾ? "ಇಳಿಯೋವಾಗ ಯಾರಾದ್ರೂ 'ಇದ್ಯಾರ ಹಾಡು' ಅಂತ ಕೇಳಿದ್ರೆ ಅದು ಹಾಡು. ಕೇಳದಿದ್ರೆ ಗದ್ದಲ, ಮನೆಗೆ ಹೋಗಿ ಮತ್ತೆ ಮಾಡು" ಅನ್ನುತ್ತಿದ್ದ. ನಾಲ್ಕು ಹಾಡು ವಾಪಸ್ ಕೊಟ್ಟ, ಹಾಳಾದವನು. ಐದನೆಯದು ಯಾರದೆಂದು ಕೇಳಿದರು. ಅದರಿಂದಲೇ ರೇಡಿಯೋದವರು ನನ್ನನ್ನು ಕರೆದದ್ದು. ಈ ಹೊಸ ಹಾಡು ಅವನಿಗೆ ನಾನು ನೆಡುವ ನೆನಪಿನ ಕಲ್ಲು ಅಂದುಕೊ. ಹೆಸರು 'ಮನೆಗೆ ಬಾ, ಸೆಂಝೋ'.

ದೊಡ್ಡಪ್ಪ ಈಗಲೂ "ಗಿಟಾರಿಲ್ಲದ ಹಾಡೂ ಒಂದು ಹಾಡಾ" ಅಂತ ಬೈಯುತ್ತಾರಾ?

ನಿನ್ನ ತಮ್ಮ,
ಲಂಗಾ

*

ಮಸಿಂಗಾ
ಸೆಪ್ಟೆಂಬರ್ 15, 2013

ಲಂಗಾ,

ಕಾಗದದಲ್ಲೂ ರೇಡಿಯೋದವನೇ ಬಂದಿದ್ದಾನೆ. ನನಗೇ ಬುದ್ಧಿಯಿಲ್ಲ.

ನಾನೇ ಹೇಳುತ್ತೇನೆ, ಕೇಳು. ಅವತ್ತು ದೊಡ್ಡ ಪಾತ್ರೆ ತರಲು ನಾನು ಅಂಗಡಿಯ ಮಾಜೋಲಾಳ ಮನೆಗೆ ಹೋಗಿದ್ದೆ. ನಮ್ಮದು ಸೂತಕದ ಮನೆ, ರೇಡಿಯೋ ಬಂದ್. ಅವಳ ಮನೆಯಲ್ಲಿ ಹಾಡುತ್ತಿತ್ತು. ಇದ್ದಕ್ಕಿದ್ದ ಹಾಗೆ ನಿನ್ನ ದನಿ. "ಕೇಳುಗರೇ, ನನ್ನ ಪಕ್ಕದ ಸೀಟಿನಲ್ಲಿ ನನ್ನಣ್ಣ ಕೂತಿದ್ದಾನೆ, ಎಲಚಿ ಕೊಂಬೆಯ ಮೇಲೆ. ನಾವಿಬ್ಬರೂ ಮನೆಗೆ ಹೊರಟಿದ್ದೇವೆ." ಆಮೇಲೆ ಸ್ಟುಡಿಯೋದವಳು ಏನೋ ಕೇಳಿದಳು, ನೀನು ಉತ್ತರ ಕೊಟ್ಟೆ. ಅವಳು ಬಿಕ್ಕಿದಳು, ನೀನು ಅವಳನ್ನು ಸಮಾಧಾನ ಮಾಡಿದೆ. ಕೊನೆಗೆ ಎಲ್ಲರಿಗೂ ಹುಷಾರಾಗಿ ಗಾಡಿ ಓಡಿಸಿ ಅಂದೆ.

ಮಾಜೋಲಾ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡು "ನಿನ್ ತಮ್ಮ ಎಷ್ಟು ಚೆನ್ನಾಗ್ ಮಾತಾಡ್ತಾನಮ್ಮಾ" ಅಂದಳು. ಅಂದ ಮೇಲೆ ಬಾಯಿಯ ಮೇಲೆ ಕೈಯಿಟ್ಟುಕೊಂಡು ನನ್ನ ಮುಖ ನೋಡಿದಳು. ಕೊಂಬೆ ಹಿಡಿದವನು ಇಡೀ ನಾಡಿಗೆ ಕೇಳುವ ಹಾಗೆ ಮಾತಾಡಿದ್ದ. ಎಲುಬಿಲ್ಲದ ನಾಲಿಗೆ ಅಂದರೆ ಇದೇ.

ಇನ್ನೂ ಎಷ್ಟು ಜನ ಕೇಳಿದರೋ. ಸೂತಕದ ಮನೆ ಅಂತ ಯಾರೂ ಬಾಯಿ ಬಿಟ್ಟಿಲ್ಲ. ನಾನೂ ಬಿಡಲಿಲ್ಲ. ದೊಡ್ಡಪ್ಪ ಗೇಟಿನಲ್ಲಿ ನಿನ್ನನ್ನು ಕೇಳಿದಾಗ ನಾನು ಅವರ ಬೆನ್ನ ಹಿಂದೆಯೇ ಪಾತ್ರೆ ಹಿಡಿದು ನಿಂತಿದ್ದೆ. ಸಾವಿನೂಟಕ್ಕೆ ಹೋರಿ ಕಡಿದಾಗಿತ್ತು, ಜನ ಸೇರಿದ್ದರು, ಅವ್ವ ಚಾಪೆಯ ಮೇಲೆ ಕೂತಿದ್ದಳು. ಹೇಗೆ ಹೇಳಲಿ?

ಸೆಂಝೋ ಘಾಟಿಯ ರಸ್ತೆ ಬದಿಯಲ್ಲೇ ಇದ್ದಾನೆ. ಅವ್ವನಿಗೆ ಯಾರೂ ಹೇಳದೆ ಅದು ತಿಳಿದಿದೆ. ನೀನು ಮತ್ತೆ ಹೋಗಿ ಅವನನ್ನು ಕರೆದುಕೊಂಡು ಬರಬೇಕು. ಮುಂದಿನ ವರ್ಷ ಸೂತಕ ತೊಳೆಯುವುದರೊಳಗೆ ಬರಬೇಕು. ಆಮೇಲೆ ಬಂದರೆ ಅವನಿಗೆ ಮನೆಯೇ ಇರುವುದಿಲ್ಲ.

ನೊಮಾಗುಗು

*

ಡರ್ಬನ್
ಅಕ್ಟೋಬರ್ 27, 2013

ಅಕ್ಕ,

ಇಷ್ಟು ದಿನ ಉತ್ತರ ಬರೆಯದ್ದಕ್ಕೆ ಬೈದುಕೊಂಡಿರುತ್ತೀಯ. ಬೈದುಕೊ.

ಅವತ್ತು ಕಾರಿನಲ್ಲಿ ಫೋನು ಹೊಡೆದುಕೊಂಡಿತು. ನಮ್ಮ ಮ್ಯಾನೇಜರ್ ಹೆಸರು ಕಾಣಿಸಿತು. ಹತ್ತು ವರ್ಷದಿಂದ ಆ ಫೋನು ಬಂದಾಗೆಲ್ಲ ಎತ್ತಿದ್ದೇನೆ, ಸ್ನಾನ ಮಾಡುವಾಗಲೂ ಎತ್ತಿದ್ದೇನೆ. ಕೈ ತಾನಾಗಿ ಹೋಯಿತು. "ನೀನು ಈಗ ಲೈವ್" ಅಂದರು. ಆ ಮಾತು ಕೇಳಿದ ಮೇಲೆ ಸುಮ್ಮನಿರುವುದು ನನಗೆ ಗೊತ್ತಿಲ್ಲ. ರೇಡಿಯೋದಲ್ಲಿ ಮೌನವಾದರೆ ಅಪರಾಧ, ಅದಕ್ಕೆ ನೋಟಿಸು ಕೊಡುತ್ತಾರೆ. ಬಾಯಿ ತೆರೆದೆ, ಮಾತು ಬಂತು. ಮುಗಿದ ಮೇಲೆ ಪಕ್ಕದ ಸೀಟು ನೋಡಿದೆ. ಕೊಂಬೆ ಸೀಟಿನಿಂದ ಜಾರಿ ಕೆಳಗೆ ಬಿದ್ದಿತ್ತು.

ನೀನು ಕೇಳಿದ್ದೀಯೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ಮೂರು ತಿಂಗಳು ನನ್ನನ್ನು ಆಟ ಆಡಿಸಿದೆಯಲ್ಲ, ಅದೂ ಸರಿಯಲ್ಲ.

ಬರುತ್ತೇನೆ. ನವೆಂಬರ್‌ನಲ್ಲಿ ಹಾಡು ಬಿಡುಗಡೆ. ಅದು ಮುಗಿದ ಕೂಡಲೇ ಒಂದು ದಿನ ಬಿಡುವು ಮಾಡಿಕೊಳ್ಳುತ್ತೇನೆ. ನಮ್ಮ ಹೊಟ್ಟೆಪಾಡು ನಿನಗೆ ಅರ್ಥವಾಗುವುದಿಲ್ಲ. ನಿನ್ನದು ಸರ್ಕಾರಿ ಶಾಲೆ. ನಮ್ಮದು ಪ್ರತಿ ವರ್ಷ ಮಾರ್ಚ್ ಕೊನೆಗೆ ಒಪ್ಪಂದ ಮುಗಿಯುತ್ತದೆ, ಏಪ್ರಿಲ್ ಒಂದಕ್ಕೆ ಯಾರು ಉಳಿದರು ಯಾರು ಹೋದರು ಅಂತ ಊರೆಲ್ಲ ಪಟ್ಟಿ ಓದುತ್ತದೆ. ಈ ಸಲ ಹಾಡು ಗೆಲ್ಲದಿದ್ದರೆ ನನಗೆ ಕಷ್ಟ.

ದೊಡ್ಡಪ್ಪನಿಗೆ ಹೇಳಬೇಡ. ಕೈ ಮುಗಿಯುತ್ತೇನೆ.

ಲಂಗಾ

*

ಮಸಿಂಗಾ
ಡಿಸೆಂಬರ್ 2, 2013

ಲಂಗಾ,

ನವೆಂಬರ್ ಹೋಯಿತು.

ನಿನ್ನ ಹಾಡು ಬಂದಿದೆ. ಬಾರದೆ ಏನು, ಕಿವಿ ಮುಚ್ಚಿಕೊಂಡರೂ ಬರುತ್ತದೆ. ಟ್ಯಾಕ್ಸಿಗಳಲ್ಲಿ, ಹೆಂಡದಂಗಡಿಯಲ್ಲಿ, ಕಟಿಂಗ್ ಶಾಪಿನಲ್ಲಿ, ನನ್ನ ಶಾಲೆಯ ಮಕ್ಕಳ ಬಾಯಲ್ಲಿ, ಎಲ್ಲೆಲ್ಲೂ 'ಮನೆಗೆ ಬಾ, ಸೆಂಝೋ, ಮನೆಗೆ ಬಾ.' ಹೊಸ ವರ್ಷದ ಘಳಿಗೆಯಲ್ಲಿ ರೇಡಿಯೋದವರು ಹಾಕುವ ವರ್ಷದ ಹಾಡು ಇದೇ ಅಂತ ಮಾಜೋಲಾ ಮಗಳು ಪಣ ಕಟ್ಟಿದ್ದಾಳೆ. ಅವಳ ಫೋನಿನಿಂದ ದಿನಾ ಓಟು ಹಾಕುತ್ತಾಳಂತೆ.

ಹಾಡು ಚೆನ್ನಾಗಿದೆ. ಸುಳ್ಳು ಯಾಕೆ ಹೇಳಲಿ. ಪಾತ್ರೆ ತೊಳೆಯುತ್ತ ನನ್ನ ಭುಜವೂ ಅಲ್ಲಾಡಿತು, ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಈಗ ಅವ್ವನ ಸುದ್ದಿ. ಹೋದ ಗುರುವಾರ ರಸ್ತೆಯಲ್ಲಿ ಒಂದು ಟ್ಯಾಕ್ಸಿ ಜೋರಾಗಿ ಹಾಡು ಹಾಕಿಕೊಂಡು ಹೋಯಿತು. ಅವ್ವ ಮೆಕ್ಕೆಜೋಳದ ಫುತು ತಿನ್ನುತ್ತಿದ್ದವಳು ತಟ್ಟೆ ಬಿಟ್ಟು ಎದ್ದಳು. ಸೂತಕದ ಕರಿ ಬಟ್ಟೆಯಲ್ಲೇ ಗೇಟು ದಾಟಿ ರಸ್ತೆಗೆ ಹೋಗಿ ನಿಂತಳು. ನಾನು ಹಿಂದೆ ಓಡಿದೆ.

"ಎಲ್ಲಿಗವ್ವಾ?"

"ಕರೀತಿದಾರೆ ಕೇಳಿಸ್ಲಿಲ್ವಾ? ಅಷ್ಟು ಜನ ಒಟ್ಟಿಗೆ ಕರೀತಿದಾರೆ ಅಂದ್ರೆ ಹತ್ರಾನೇ ಎಲ್ಲೋ ಇರ್ಬೇಕು."

ಬಿಸಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ನಾನೂ ನಿಂತೆ. ಇನ್ನೇನು ಮಾಡಲಿ?

ಇಡೀ ದೇಶ ಅವನನ್ನು ಮನೆಗೆ ಬಾ ಅಂತ ಕುಣಿಯುತ್ತಿದೆ. ಕರೆದುಕೊಂಡು ಬರಬೇಕಾದವನಿಗೆ ಮಾತ್ರ ಪುರುಸೊತ್ತಿಲ್ಲ. ನಾಚಿಕೆಯಾಗಬೇಕು ನಿನಗೆ.

ನೊಮಾಗುಗು

*

ಡರ್ಬನ್
ಜನವರಿ 5, 2014

ಅಕ್ಕ,

ಹಾಡು ಗೆದ್ದಿತು. ನಿನಗೆ ಗೊತ್ತೇ ಇರುತ್ತದೆ.

ಹೊಸ ವರ್ಷದ ದಿನ ಸಮುದ್ರದ ದಂಡೆಯಲ್ಲಿ ಹಾಡು ಹಾಕಿದೆ. ಮರಳು ಕಾಣಿಸದಷ್ಟು ಜನ. ಅವನ ಹೆಸರು ಬರುವಲ್ಲಿ ನಾನು ಸದ್ದು ತೆಗೆದುಬಿಟ್ಟೆ, ಜನರೇ ಕೂಗಲಿ ಅಂತ. ಅದು ನಮ್ಮ ಕಸುಬಿನ ಹಳೇ ಆಟ. ಅವರು ಕೂಗಿದರು. ಅಷ್ಟು ಜನ ಒಟ್ಟಿಗೆ "ಸೆಂಝೋ" ಅಂದಾಗ ನಾನು ತಿರುಗಿ ಹಿಂದೆ ನೋಡಿದೆ ಅಕ್ಕ. ನಿಜವಾಗಿ ನೋಡಿದೆ. ಸ್ಪೀಕರ್ ಪೆಟ್ಟಿಗೆಗಳಿದ್ದವು.

ಆಮೇಲೆ ಎಷ್ಟು ಊರಿಗೆ ಹೋದೆನೋ ನೆನಪಿಲ್ಲ. ಎಲ್ಲ ಕಡೆ ಅದೇ ಹಾಡು ಕೇಳುತ್ತಾರೆ. ಹಾಕುತ್ತೇನೆ. ದಣಿದಿದ್ದೇನೆ. ಕಾರಿನಲ್ಲಿ ಒಬ್ಬನೇ ಇರುವಾಗ ಮಾತಾಡಲು ಬಾಯಿ ತೆರೆದರೆ "ಕೇಳುಗರೇ" ಅಂತಲೇ ಬರುತ್ತದೆ.

ಸಂಗೀತ ಕಂಪನಿಯವರು ಮಾರ್ಚ್‌ವರೆಗೂ ಕಾರ್ಯಕ್ರಮ ಒಪ್ಪಿಕೊಂಡಿದ್ದಾರೆ. ಮಾರ್ಚ್ ಮುಗಿಯಲಿ. ಖಂಡಿತ ಬರುತ್ತೇನೆ. ಅವ್ವನಿಗೆ ನನ್ನ ನಮಸ್ಕಾರ ಹೇಳು. ಬೇಡ, ಹೇಳಬೇಡ.

ಲಂಗಾ

*

ಮಸಿಂಗಾ
ಫೆಬ್ರವರಿ 16, 2014

ಲಂಗಾ,

ದೊಡ್ಡಪ್ಪನಿಗೆ ಹೇಳಿದೆ. ನನ್ನಿಂದ ಆಗಲಿಲ್ಲ. ಅವ್ವನ ಕೈ ಹಿಡಿದರೆ ಒಣಕಡ್ಡಿ.

ಅವರು ಕೂಗಾಡುತ್ತಾರೆ ಅಂದುಕೊಂಡಿದ್ದೆ. ನಶ್ಯ ಏರಿಸಿ ಮೂಗೊರೆಸಿಕೊಂಡರು. ಆಮೇಲೆ "ಒಂದ್ಸಲ ಇಳಿಸಿ ಬಂದವನ ಕಾರನ್ನ ಯಾರಾದ್ರೂ ಮತ್ತೆ ಹತ್ತುತಾರೇನಮ್ಮಾ? ನಾನೇ ಹೋಗ್ತೀನಿ" ಅಂದರು. ಮಂಡಿ ಈಗಲೂ ಊದಿದೆ, ಕೆಮ್ಮು ಬೇರೆ.

ಸೂತಕ ತೊಳೆಯುವುದು ಏಪ್ರಿಲ್ 26, ಶನಿವಾರ. ನನಗೆ ಬೈಯುವ ಶಕ್ತಿಯೂ ಇಲ್ಲ.

ನೊಮಾಗುಗು

*

ಡರ್ಬನ್
ಮಾರ್ಚ್ 30, 2014

ಅಕ್ಕ,

ರಜೆ ಹಾಕಿದ್ದೇನೆ. ಏಪ್ರಿಲ್ ಪೂರ್ತಿ. ಕೆಲಸವೇ ಜೀವನವಲ್ಲ ಅಂತ ಈಗ ಅನ್ನಿಸಿದೆ. ದೊಡ್ಡಪ್ಪನಿಗೆ ಹೇಳು, ಈ ವಯಸ್ಸಿನಲ್ಲಿ ಅವರು ಘಾಟಿ ಹತ್ತುವುದು ಬೇಡ. ನಾನು ಹೋಗುತ್ತೇನೆ. ಫೋನನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಒಂದೇ ಒಂದು ಸಲ ನನ್ನನ್ನು ನಂಬಿ.

ಲಂಗಾ

*

ಮಸಿಂಗಾ
ಏಪ್ರಿಲ್ 6, 2014

ತಮ್ಮ,

ನೀನು ರಜೆ ಹಾಕಿದ್ದು ಒಳ್ಳೆಯದಾಯಿತು. ಸರಿಯಾಗಿ ಊಟ ಮಾಡು. ಬರುವಾಗ ಏನನ್ನೂ ತರಬೇಡ, ಕೈ ಬೀಸಿಕೊಂಡು ಬಾ.

ದೊಡ್ಡಪ್ಪ ಒಪ್ಪಲಿಲ್ಲ. ಕೊಂಬೆ ಅವರ ಕೈಯಲ್ಲೇ. ಆದರೆ ಕಾರು ನಿನ್ನದೇ ಆಗಲಿ ಅಂದಿದ್ದಾರೆ. ಅವರ ಮಾತನ್ನು ಹಾಗೇ ಬರೆಯುತ್ತೇನೆ: "ಓಡಿಸಲಿ. ಡ್ರೈವರಿಗೆ ಕೈಕಾಲಿದ್ರೆ ಸಾಕು, ಬಾಯಿ ಬೇಡ." ಒಪ್ಪಿಕೊ. 17ಕ್ಕೆ, ಗುರುವಾರ.

ಒಳಗೊಳಗೇ ಏನನ್ನೂ ಇಟ್ಟುಕೊಳ್ಳಬೇಡ.

ನೊಮಾಗುಗು

*

ಡರ್ಬನ್
ಏಪ್ರಿಲ್ 21, 2014

ಅಕ್ಕ,

ಗುರುವಾರ ಹೇಳದೆ ಕೇಳದೆ ಹೊರಟುಬಂದೆ. ಕೊಂಬೆಯನ್ನು ಒಳಗಿಟ್ಟ ಮೇಲೆ ನಿಮ್ಮ ಮುಖ ನೋಡಿಕೊಂಡು ನಿಲ್ಲಲು ಆಗಲಿಲ್ಲ. ಕಾರಿನಲ್ಲಿ ಏನಾಯಿತು ಅಂತ ದೊಡ್ಡಪ್ಪ ಹೇಳುವವರಲ್ಲ. ಈಗ ನಾನು ಹೇಳುತ್ತೇನೆ, ಇದ್ದದ್ದನ್ನು ಇದ್ದ ಹಾಗೆ.

ಘಾಟಿಯಲ್ಲಿ ಆ ತಿರುವಿನ ಹತ್ತಿರ ನಿಲ್ಲಿಸಿದೆ. ದೊಡ್ಡಪ್ಪ ಇಳಿದು, ಕುಂಟುತ್ತ ಹೋಗಿ, ಹುಲ್ಲಿನ ಮೇಲೆ ಕೊಂಬೆಯಿಟ್ಟು ನಮ್ಮ ಹಿರಿಯರ ಹೆಸರನ್ನೆಲ್ಲ ಒಂದೂ ಬಿಡದೆ ಕರೆದರು. ಲಾರಿಗಳು ಬರ್ರೆಂದು ಹೋಗುತ್ತಿದ್ದವು, ಅದರ ಮೇಲೆ ಕೂಗಿ ಕರೆದರು. "ಸೆಂಝೋ, ನಾನು ನಿನ್ ದೊಡ್ಡಪ್ಪ. ಹೋದ್ಸಲ ಗಲಾಟೆಯಾಯ್ತು, ನೀನು ಇಳಿದ್ಬಿಟ್ಟೆ. ತಪ್ಪು ನಿಂದಲ್ಲ. ಈಗ ಹತ್ತು, ಹೋಗೋಣ" ಅಂದರು.

ಕಾರಿನಲ್ಲಿ ಬಾಯಿ ಮುಚ್ಚಲೇ ಇಲ್ಲ. ಇದು ಲೇಡಿಸ್ಮಿತ್, ಇಲ್ಲಿ ಸಿಗ್ನಲ್ಲು, ನಿಲ್ತಿದೀವಿ, ಹೆದರಬೇಡ. ಇಲ್ಲಿ ದನ ಅಡ್ಡ ಬಂದಿವೆ, ಒಳ್ಳೇ ದನ ಕಣೋ, ನೋಡು. ಹೀಗೆ. ನಾನು ರಸ್ತೆ ನೋಡಿಕೊಂಡು ಓಡಿಸುತ್ತಿದ್ದೆ. ಅದು ಯಾವ ಪುಣ್ಯಾತ್ಮನೂ ಮಾಡದ ಕಾರ್ಯಕ್ರಮ ಅಕ್ಕ. ಕೇಳುಗ ಒಬ್ಬನೇ. ಅವನೂ ಉತ್ತರ ಕೊಡುವುದಿಲ್ಲ.

ಪೊಮೆರಾಯ್ ದಾಟಿದ ಮೇಲೆ ದನಿ ತಗ್ಗಿಸಿ ಇನ್ನೊಂದು ಹೇಳಿದರು. "ನಿನ್ ತಮ್ಮ ಗಾಡಿ ಓಡಿಸ್ತಿದಾನೆ ಸೆಂಝೋ. ಸೊರಗಿಹೋಗಿದಾನೆ. ಅವನನ್ನ ಕೆಲಸದಿಂದ ತೆಗೆದ್ರು. ನಮಗ್ಯಾರಿಗೂ ಹೇಳಿಲ್ಲ, ರಜೆ ಅಂತಿದಾನೆ. ಅವನಾಗೇ ಹೇಳೋವರೆಗೂ ನಾವು ಕೇಳಲ್ಲ. ನೀನೂ ಕೇಳ್ಬೇಡ."

ನನಗೆ ರಸ್ತೆ ಮಂಜಾಯಿತು. ಉತ್ತರ ಕೊಡುವ ಹಾಗಿಲ್ಲ.

ತುಗೆಲಾ ಸೇತುವೆ ಕಾಣುವ ಹೊತ್ತಿಗೆ ಅವರ ಗಂಟಲು ಬಿದ್ದುಹೋಯಿತು. ಕೆಮ್ಮಿದರು, ನೀರು ಕುಡಿದರು, ಬಾಯಿ ತೆರೆದರೆ ಬರೀ ಗಾಳಿ. ನೀರು ದಾಟುವುದನ್ನು ಅವನಿಗೆ ಹೇಳದೆ ದಾಟುವ ಹಾಗಿಲ್ಲ. ನಾನು ಈಚೆ ದಡದಲ್ಲಿ ನಿಲ್ಲಿಸಿದೆ. ಹಿಂದಿನ ಟ್ಯಾಕ್ಸಿಗಳು ಹಾರನ್ ಹೊಡೆದವು, ಒಬ್ಬ ತಲೆ ಹೊರಗೆ ಹಾಕಿ ನಮ್ಮ ಅಪ್ಪ ಅಜ್ಜನವರೆಗೂ ಬೈದ. ದೊಡ್ಡಪ್ಪ ನನ್ನ ಮುಖ ನೋಡಿದರು. ಆಮೇಲೆ ಒಂದು ಕೈಯಲ್ಲಿ ಕೊಂಬೆ ಹಿಡಿದು, ಇನ್ನೊಂದು ಕೈಯಿಂದ ನನ್ನ ತುಟಿ ತೋರಿಸಿ, ಕೊಂಬೆಯನ್ನು ತೋರಿಸಿದರು. ಮಾತಾಡು, ಅವನ ಹತ್ತಿರ.

ಬಾಯಿ ತೆರೆದೆ. ಏನೂ ಬರಲಿಲ್ಲ. ಹತ್ತು ವರ್ಷ ಬೆಳಗಾದರೆ ಲಕ್ಷಾಂತರ ಜನರ ಜೊತೆ ಹರಟಿದವನಿಗೆ ಒಬ್ಬ ಅಣ್ಣನ ಜೊತೆ ಆಡಲು ಮಾತಿರಲಿಲ್ಲ. ಕೊನೆಗೆ "ಸೆಂಝೋ, ಸೇತುವೆ ಬಂತು. ದಾಟೋಣ" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ದಾಟಿದ ಮೇಲೆ ನಿಲ್ಲಿಸಲು ಆಗಲಿಲ್ಲ. ಕೆಲಸ ಹೋಯಿತು ಕಣೋ ಅಂದೆ. ಹಾಡು ಗೆದ್ದರೂ ತೆಗೆದರು, ನನ್ನ ದನಿಗೆ ವಯಸ್ಸಾಯಿತಂತೆ ಅಂದೆ. ನಿನ್ನ ಹೆಸರು ಹೇಳಿ ದೇಶವನ್ನೆಲ್ಲ ಕುಣಿಸಿದೆ, ನಿನ್ನನ್ನು ರಸ್ತೆಯಲ್ಲಿ ಬಿಟ್ಟು ಕುಣಿಸಿದೆ, ನನಗೆ ಸಾಕಾಗಿದೆ ಅಂದೆ. ಅಳುತ್ತ ಓಡಿಸಿದೆ. ದೊಡ್ಡಪ್ಪ ಕಿಟಕಿಯಾಚೆ ನೋಡುತ್ತಿದ್ದರು. ಗೇಟಿನವರೆಗೂ ಅವನ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಒಂದು ಮಾತೂ ಆಡಿಲ್ಲ ಅಕ್ಕ.

ಅವನು ಬಂದನೋ ಇಲ್ಲವೋ ನನಗೆ ಗೊತ್ತಿಲ್ಲ. ಅವ್ವ ಹೇಗಿದ್ದಾಳೆ? ಅದೊಂದನ್ನು ಬರೆ.

ಲಂಗಾ

*

ಮಸಿಂಗಾ
ಏಪ್ರಿಲ್ 23, 2014

ಲಂಗಾ ಮರಿ,

ಕೆಲಸ ಹೋದದ್ದು ನಮಗೆ ಏಪ್ರಿಲ್ ಒಂದರ ಬೆಳಿಗ್ಗೆಯೇ ಗೊತ್ತು. ಮಾಜೋಲಾ ರೇಡಿಯೋ ಹಾಕಿದಳು, ನಿನ್ನ ಜಾಗದಲ್ಲಿ ಯಾವಳೋ ಹುಡುಗಿ ಕಿಲಕಿಲ ನಗುತ್ತಿದ್ದಳು. ಮಾಜೋಲಾ ಕಿವಿ ಹಿಂಡಿದ ಹಾಗೆ ರೇಡಿಯೋ ಬಂದ್ ಮಾಡಿ ನನ್ನ ಹತ್ತಿರ ಓಡಿಬಂದಳು. ನೀನು ರಜೆ ಅಂತ ಬರೆದದ್ದು ಅದರ ಮರುದಿನ ಕೈಗೆ ಬಂತು. ಓದಿ ಅತ್ತೆ.

ಅವ್ವನ ಸುದ್ದಿ ಕೇಳಿದ್ದೀಯ. ಗುರುವಾರ ಕಾರು ಅಂಗಳಕ್ಕೆ ಬರುವಾಗ ಅವಳು ಒಳಗೆ ಚಾಪೆಯ ಮೇಲೆ ಕೂತಿದ್ದಳು. ಕಿಟಕಿಯಿಂದ ನಿನ್ನ ದನಿ ಕೇಳಿಸಿತು.

"ಅದ್ಯಾರೇ ಮಾತಾಡ್ತಿರೋದು?" ಅಂದಳು.

"ಲಂಗಾ ಅವ್ವಾ."

"ರೇಡಿಯೋದಲ್ಲಿ ಬರ್ತಾನಲ್ಲ, ಅವನಾ?"

"ಅವನೇ. ನಿನ್ ಕಿರೀಮಗ."

ಅವಳು ಕಿವಿಗೊಟ್ಟು ಕೇಳಿದಳು. ನೀನು ಬಾಗಿಲಲ್ಲಿ "ಸೆಂಝೋ, ಹೊಸಿಲು, ಹುಷಾರು" ಅಂದೆಯಲ್ಲ, ಅಲ್ಲಿಯವರೆಗೂ ಉಸಿರು ಹಿಡಿದು ಕೇಳಿದಳು. ದೊಡ್ಡಪ್ಪ ಕೊಂಬೆಯಿಟ್ಟು ಹಿಂದಕ್ಕೆ ಸರಿದರು. ನೀನು ಹೊರಟುಹೋದೆ, ಕಾರಿನ ಸದ್ದಾಯಿತು. ತಡೆಯೋಣ ಅಂತ ನಾನು ಎದ್ದರೆ ಅವ್ವ ನನ್ನ ಬಟ್ಟೆ ಹಿಡಿದು ಎಳೆದಳು.

"ಹೋಗ್ಲಿ ಬಿಡೇ, ಬರ್ತಾನೆ. ಇಬ್ರೂ ಬಂದ್ರಲ್ಲ, ಸಾಕು."

ಅಲ್ಲೇ ಕೊಂಬೆಯ ಪಕ್ಕ, ಹಗಲಲ್ಲೇ, ಮಗ್ಗುಲಾದಳು. ಸಂಜೆಯಾಯಿತು, ಏಳಲಿಲ್ಲ. ಬೆಳಗಾಯಿತು, ಏಳಲಿಲ್ಲ. ಬಿಸಿಲು ಒಳಗೆ ಬಂತು, ದನಗಳನ್ನು ಹೊರಗೆ ಬಿಟ್ಟಾಯಿತು, ಇವಳು ಅಲುಗುತ್ತಿಲ್ಲ. ಹತ್ತಿರ ಹೋಗಿ ಮೂಗಿನ ಮುಂದೆ ಬೆರಳಿಟ್ಟು ನೋಡಿದೆ.

ಕಣ್ಣು ತೆರೆಯದೆ ನನ್ನ ಕೈಗೆ ಪಟ್ಟನೆ ಹೊಡೆದಳು. "ಸತ್ತಿಲ್ಲ ಕಣೇ, ನಿದ್ದೆ ಮಾಡ್ತಿದೀನಿ. ಆಚೆ ಹೋಗು."

ನೊಮಾಗುಗು